ಬೇಸಿಗೆಯ ಬಟ್ಟಲು

ಚಿಕ್ಕಪಡಸಲಗಿಯ ಕೃಷ್ಣೆಯ ದಂಡೆಯಲ್ಲಿ ವೈಶಾಖದ ಮಧ್ಯಾಹ್ನವೆಂದರೆ ಎರೆಯ ನೆಲ ಬಿರಿದು ಬಾಯ್ದೆರೆಯುವ ಹೊತ್ತು. ಅಂಥ ಬಿಸಿಲಿನಲ್ಲಿ ಮನೆಗೆ ಬಂದವರಿಗೆ ಮೊದಲು ಒಂದು ಚರಿಗೆ ನೀರು, ಜೊತೆಗೊಂದು ಬೆಲ್ಲದ ತುಣುಕು, ಮಾತೇನಿದ್ದರೂ ಆಮೇಲೆ. ಈ ಸೀಮೆಯ ಆತಿಥ್ಯದ ಮೊದಲ ಪಾಠವೇ ಅದು. ಹೊರದೇಶಗಳಲ್ಲಿದ್ದು ಬೇಸಿಗೆಯ ರಜೆಗೆ ಊರಿಗೆ ಬರುವ ಮಕ್ಕಳು ಈಗ ಇದರ ಪಕ್ಕಕ್ಕೆ ಇನ್ನೊಂದು ಹೆಸರನ್ನು ತಂದಿರಿಸುತ್ತಿದ್ದಾರೆ: ಸಾಂಗ್ರಿಯಾ.

ಸ್ಪೇನ್ ದೇಶದವರ ಮಾತಿನಲ್ಲಿ ‘ಸಾಂಗ್ರೆ’ ಎಂದರೆ ರಕ್ತ. ಪಾನೀಯದ ಕೆಂಪಿನಿಂದಲೇ ಅದಕ್ಕೆ ಆ ಹೆಸರು. ಮಾಡುವ ಬಗೆ ಬಲು ಸರಳ. ಮುಕ್ಕಾಲು ಲೀಟರಿನ ಒಂದು ಬಾಟಲಿ ಕೆಂಪು ದ್ರಾಕ್ಷಾರಸಕ್ಕೆ ಎರಡು ಕಿತ್ತಳೆ, ಒಂದು ನಿಂಬೆ, ಒಂದು ಸೇಬು, ಇವುಗಳನ್ನು ಹೋಳು ಮಾಡಿ ಹಾಕಿ, ಎರಡು ಚಮಚ ಸಕ್ಕರೆ, ಒಂದಿಷ್ಟು ಬ್ರಾಂದಿ, ಮನಸ್ಸಿದ್ದರೆ ಒಂದು ಚಕ್ಕೆ ದಾಲ್ಚಿನ್ನಿ ಸೇರಿಸಿ ನಾಲ್ಕಾರು ತಾಸು ತಣ್ಣಗೆ ನೆನೆಯಲು ಬಿಡುವುದು. ಬಡಿಸುವಾಗ ಬರ್ಫ, ಸೋಡಾ. ಉತ್ತಮವಾದ ಹಳೆಯ ಮದ್ಯವನ್ನು ಇದಕ್ಕೆ ಯಾರೂ ವ್ಯಯಮಾಡುವುದಿಲ್ಲ. ಒಗರು ಇಳಿಯದ ಅಗ್ಗದ ಮದ್ಯದ ದೋಷಗಳನ್ನು ಹಣ್ಣು, ಸಕ್ಕರೆಗಳು ಮುಚ್ಚಿಕೊಳ್ಳುತ್ತವೆ. 1964ರ ನ್ಯೂಯಾರ್ಕ್ ಜಾಗತಿಕ ಮೇಳದ ಸ್ಪೇನ್ ಮಂಟಪದಲ್ಲಿ ಅಮೆರಿಕದ ಜನ ಇದರ ರುಚಿ ಹಿಡಿದರು. 2014ರಲ್ಲಿ ಐರೋಪ್ಯ ಒಕ್ಕೂಟವು ಸ್ಪೇನ್, ಪೋರ್ತುಗಲ್‌ಗಳಲ್ಲಿ ತಯಾರಾದುದನ್ನು ಮಾತ್ರ ಆ ಹೆಸರಿನಿಂದ ಮಾರಬೇಕೆಂದು ಕಟ್ಟಳೆ ಮಾಡಿತು. ಹೆಸರಿಗೂ ಗಡಿಯುಂಟು, ನೋಡಿ!

ಈ ಸಿಹಿಯಲ್ಲಿಯೇ ಒಂದು ಮೋಸವೂ ಇದೆ. ಮದ್ಯದ ಕಟುತ್ವ ನಾಲಗೆಗೆ ತಿಳಿಯದೆ ಹೋಗುತ್ತದೆ; ತಳದಲ್ಲಿ ನೆನೆದ ಹಣ್ಣಿನ ಹೋಳುಗಳೋ ರಸವನ್ನೆಲ್ಲ ಹೀರಿಕೊಂಡಿರುತ್ತವೆ. ಅಜ್ಜ ಮೊಮ್ಮಕ್ಕಳು ಒಂದೇ ಪಡಸಾಲೆಯಲ್ಲಿ ಕೂಡುವ ನಮ್ಮ ಮನೆಗಳಲ್ಲಿ ಕೂಸೊಂದು ಕೈಯಿಕ್ಕಿ ಕಿತ್ತಳೆಯ ಹೋಳನ್ನು ಬಾಯಿಗೆ ಹಾಕಿಕೊಂಡರೆ ಅದನ್ನು ತಡೆಯುವವರಾರು? ಮದ್ಯ ಮುಟ್ಟದ ಹಿರಿಯರಿಗೆ ‘ಹಣ್ಣಿನ ರಸ’ವೆಂದು ಹೇಳಿ ಕುಡಿಸುವುದು ವಿನೋದವಲ್ಲ, ಅಪಚಾರ. ಕುಡಿಯುವವರು ಕುಡಿಯಲಿ, ಆದರೆ ಅದರ ಪಾತ್ರೆ ಬೇರೆ, ಸೌಟು ಬೇರೆ, ಹೆಸರನ್ನು ಬಾಯಿಬಿಟ್ಟು ಹೇಳಿರಬೇಕು. ಇಷ್ಟು ಮಾತ್ರ ನಾನು ಬಿಟ್ಟುಕೊಡಲಾರೆ.

ಹಾಗೆಂದು ನಮ್ಮ ಹಿರಿಯರಿಗೆ ದ್ರಾಕ್ಷಿಯ ಮದ್ಯ ತೀರ ಅಪರಿಚಿತವೇನೂ ಅಲ್ಲ. ‘ವೈನ್’ ಎಂದರೆ ಮುಖ ಸಿಂಡರಿಸುವವರ ಕಪಾಟಿನಲ್ಲಿಯೇ ದ್ರಾಕ್ಷಾಸವದ ಸೀಸೆ ಇರುತ್ತದೆ. ಊಟವಾದ ಮೇಲೆ ಎರಡು ಚಮಚ, ಸಮಪಾಲು ನೀರು. ದ್ರಾಕ್ಷಿ, ಬೆಲ್ಲ, ಧಾತಕಿಯ ಹೂವು, ಏಲಕ್ಕಿ, ಲವಂಗಗಳು ಕೂಡಿ ಹುಳಿತು ತಾವಾಗಿಯೇ ಹುಟ್ಟಿಸಿಕೊಂಡ ಮದ್ಯಸಾರ ಅದರಲ್ಲಿಯೂ ಉಂಟು. ಔಷಧದ ಹೆಸರು ಎಷ್ಟು ದೊಡ್ಡ ಪರದೆ!

ಇಂಗ್ಲಿಷರು ಇಂಥ ಮಿಶ್ರಪಾನೀಯಕ್ಕೆ ‘ಪಂಚ್’ ಎನ್ನುತ್ತಾರೆ. ಆ ಶಬ್ದ ನಮ್ಮ ‘ಪಂಚ’ದಿಂದಲೇ ಹೋಯಿತೆಂದು ಬಹುಜನರ ಮತ, ಒಪ್ಪದ ಪಂಡಿತರೂ ಇದ್ದಾರೆ. 1632ರಲ್ಲಿ ಈಸ್ಟ್ ಇಂಡಿಯಾ ಕಂಪನಿಯವನೊಬ್ಬನ ಪತ್ರದಲ್ಲಿ ಅದು ಕಾಣಿಸಿಕೊಂಡಿತು. ಸಾರಾಯಿ, ಸಕ್ಕರೆ, ನಿಂಬೆ, ನೀರು, ಮಸಾಲೆ ಎಂಬ ಐದರ ಕೂಟವದು. ಅದಕ್ಕೂ ಐದು ಶತಮಾನಗಳ ಹಿಂದೆ ಕಲ್ಯಾಣದ ಚಾಲುಕ್ಯ ಮೂರನೆಯ ಸೋಮೇಶ್ವರನು ತನ್ನ ‘ಮಾನಸೋಲ್ಲಾಸ’ದಲ್ಲಿ ರಾಜನ ಭೋಗಗಳ ನಡುವೆ ಪಾನೀಯಕ್ಕೂ ಒಂದು ಸ್ಥಾನವಿತ್ತು, ನೀರನ್ನು ಸುಗಂಧಗೊಳಿಸುವ ಬಗೆಯನ್ನೂ ಬರೆದಿಟ್ಟನು.

ನಮ್ಮ ಬಟ್ಟಲಿನ ಐದರಲ್ಲಿ ಅತಿ ದುಬಾರಿಯಾದದ್ದು ದ್ರಾಕ್ಷಿಯಲ್ಲ, ನೀರು. ಬೇಸಿಗೆಯಲ್ಲಿ ಕೃಷ್ಣೆ ಬತ್ತಿ ಮರಳಾಗುತ್ತಿದ್ದ ಕಾಲವನ್ನು ಇಲ್ಲಿಯ ವೃದ್ಧರು ಮರೆತಿಲ್ಲ. ಸರಕಾರದ ದಾರಿ ಕಾಯದೆ, ಸಿದ್ದು ನ್ಯಾಮಗೌಡರ ಮುಂದಾಳುತನದಲ್ಲಿ ರೈತರೇ ಹಣ ಕೂಡಿಸಿ, ಮೈಮುರಿದು ದುಡಿದು, 1989ರಲ್ಲಿ ಚಿಕ್ಕಪಡಸಲಗಿಯ ಬಾಂದಾರವನ್ನು ಕಟ್ಟಿ ನಿಲ್ಲಿಸಿದರು. ಅದಕ್ಕೆ ‘ಶ್ರಮಬಿಂದು ಸಾಗರ’ವೆಂಬ ಹೆಸರು ಬಂದುದು ಅಲಂಕಾರಕ್ಕಾಗಿ ಅಲ್ಲ. ನದಿಯಂಚಿನ ಹೊಲಗಳನ್ನು ಕಬ್ಬು ಆವರಿಸಿತು. ಜಮಖಂಡಿ, ಅಥಣಿ, ತಿಕೋಟಾಗಳ ಕಡೆ ದ್ರಾಕ್ಷಿಯ ಚಪ್ಪರಗಳಿವೆ. ಅವು ಹೆಚ್ಚಾಗಿ ತಿನ್ನುವ ಹಣ್ಣು, ಒಣದ್ರಾಕ್ಷಿ, ಮದ್ಯದ ತಳಿಗಳಲ್ಲ. ನಾಲ್ಕು ಕಿಲೋ ಹಣ್ಣು ಒಣಗಿದರೆ ಒಂದು ಕಿಲೋ ಒಣದ್ರಾಕ್ಷಿ. ನೆರಳಿನ ಶೆಡ್ಡಿನಲ್ಲಿ ಹರವಿದಾಗ ಒಂದು ಅಕಾಲ ಮಳೆ ಬಿದ್ದರೆ ವರ್ಷದ ದುಡಿಮೆ ಕಪ್ಪಾಗುತ್ತದೆ.

ಎಲ್ಲರೂ ಕೂಡಿ ಕುಡಿಯುವ ಪಾನಕಕ್ಕೆ ಒಂದು ಕಿಲೋ ಕರಿದ್ರಾಕ್ಷಿ ಸಾಕು. ಬೆಂಗಳೂರು ನೀಲಿ ಸಿಕ್ಕರೆ ಪರಿಮಳ ಹೆಚ್ಚು. ಬಿಡಿಸಿ ತೊಳೆದು, ಅರ್ಧ ಲೀಟರ್ ನೀರಿನಲ್ಲಿ ಸಣ್ಣ ಉರಿಯ ಮೇಲೆ ಸಿಪ್ಪೆ ಒಡೆಯುವವರೆಗೆ ಇಡಬೇಕು. ಬಣ್ಣವೆಲ್ಲ ಇರುವುದು ಸಿಪ್ಪೆಯಲ್ಲಿ, ತಿರುಳಿಗೆ ಬಣ್ಣವಿಲ್ಲ. ಕಲಾಯಿ ಹೋದ ಹಿತ್ತಾಳೆ ಪಾತ್ರೆ ಬೇಡ, ಹುಳಿಗೆ ಅದು ಕಿಲುಬುತ್ತದೆ. ಬೀಜ ಅರೆಯದಂತೆ ಕೈಯಿಂದ ಕಿವುಚಿ, ತೆಳುಬಟ್ಟೆಯಲ್ಲಿ ಸೋಸಿ, ಬಿಸಿಯಿರುವಾಗಲೇ ಬೆಲ್ಲ ಕರಗಿಸಿ, ಏಲಕ್ಕಿ, ಚಿಟಿಕೆ ಒಣಶುಂಠಿ ಹಾಕಿ ಆರಲು ಬಿಡುವುದು. ಆರಿದ ಮೇಲೆ ಎರಡು ನಿಂಬೆಯ ರಸ, ಮೋಸಂಬಿಯ ಹೋಳು, ಮಣ್ಣಿನ ಗಡಿಗೆಯ ತಣ್ಣೀರು ಒಂದು ಲೀಟರ್. ದ್ರಾಕ್ಷಿ, ಬೆಲ್ಲ, ನಿಂಬೆ, ಮಸಾಲೆ, ನೀರು: ಐದೂ ಆದವು.

ಸೋಡಾ ಬೇಕೆನ್ನುವವರು ಕೊನೆಯ ಗಳಿಗೆಯಲ್ಲಿ ಲೋಟಕ್ಕೇ ಬೆರೆಸಿಕೊಳ್ಳಲಿ, ಗಡಿಗೆಗೆ ಸುರಿದರೆ ಬಡಿಸುವಷ್ಟರಲ್ಲಿ ನೊರೆ ಸತ್ತಿರುತ್ತದೆ. ಸಂಜೆಯವರೆಗೆ ಉಳಿದರೆ ತಂಪಿನಲ್ಲಿಡಿ. ಹೊರಗೆ ಬಿಟ್ಟರೆ ಮಾರನೆಯ ದಿನ ಅದು ತಾನಾಗಿಯೇ ಆಸವದ ದಾರಿ ಹಿಡಿದಿರುತ್ತದೆ.