ಹುಣಸೂರಿನಲ್ಲಿ ಕಡಲಮೀನನ್ನು ಸಾಕಬಹುದೆ?

ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರ, ಹೆಗ್ಗಡದೇವನಕೋಟೆ—ಈ ನಾಲ್ಕು ಸೀಮೆಗಳೂ ಹೊಳೆಗಳ ನೆರೆಯಲ್ಲಿ ಬೆಳೆದವು. ಲಕ್ಷ್ಮಣತೀರ್ಥವು ಹುಣಸೂರನ್ನು ಹಾದು ಕಾವೇರಿಯ ಕಡೆಗೆ ಹರಿಯುವುದು; ಕಾವೇರಿಯು ಚುಂಚನಕಟ್ಟೆಯಲ್ಲಿ ಧುಮುಕುವುದು; ಕಪಿಲೆಯು ಕೋಟೆಯ ಸೀಮೆಯನ್ನು ತಣಿಸುವುದು. ಆದರೆ ಇವೆಲ್ಲವೂ ಸಿಹಿನೀರು. ಕಡಲನ್ನು ಕಾಣಬೇಕಾದರೆ ಘಟ್ಟವನ್ನಿಳಿದು ನೂರು ಕಿಲೋಮೀಟರಿಗೂ ಮಿಗಿಲಾದ ದಾರಿಯನ್ನು ಕ್ರಮಿಸಬೇಕು. ಹೀಗಿರುವಾಗ ಇಲ್ಲಿಯ ವಿದ್ಯಾರ್ಥಿಗಳು ಕಡಲಮೀನನ್ನು ಮನೆಯಲ್ಲಿ ಸಾಕಬಲ್ಲರೆ?

ಸಾಕಬಲ್ಲರು, ಅದೂ ಮಿತವಾದ ವೆಚ್ಚದಲ್ಲಿ. ಆದರೆ ಹೊಸದಾಗಿ ತೊಟ್ಟಿಯನ್ನಿಟ್ಟವರ ಮೀನುಗಳು ಎಷ್ಟೋ ವೇಳೆ ಮೊದಲ ಕೆಲವು ವಾರಗಳಲ್ಲಿಯೇ ಸಾಯುವುವು. ನೀರು ತಿಳಿಯಾಗಿರುವುದು, ಆಹಾರಕ್ಕೆ ಕೊರತೆಯಿರದು. ಆದರೂ ಮೀನು ಉಳಿಯದು. ಇದಕ್ಕೆ ಕಾರಣವೇನೆಂಬುದನ್ನು ಮೊದಲೇ ಅರಿತರೆ ಹಣವೂ ಉಳಿಯುವುದು, ಜೀವವೂ ಉಳಿಯುವುದು.

ಮೊದಲು ನೀರಿನ ವಿಚಾರ. ಒಂದು ಲೀಟರ್ ಕಡಲನೀರಿನಲ್ಲಿ ಸುಮಾರು ೩೫ ಗ್ರಾಂ ಲವಣಗಳು ಕರಗಿರುವುವು. ಇದರಲ್ಲಿ ಮುಕ್ಕಾಲು ಪಾಲು ಅಡಿಗೆಯುಪ್ಪು. ಉಳಿದುದು ಮೆಗ್ನೀಸಿಯಂ, ಕ್ಯಾಲ್ಸಿಯಂ, ಪೊಟ್ಯಾಸಿಯಂ ಮುಂತಾದವುಗಳ ಲವಣ. ಹಾಗಾದರೆ ಅಂಗಡಿಯ ಉಪ್ಪನ್ನೇ ನೀರಿಗೆ ಹಾಕಬಾರದೇಕೆ? ಗೋಕರ್ಣದ ಬಳಿಯ ಸಾಣಿಕಟ್ಟೆಯಂತಹ ಉಪ್ಪಿನಾಗರಗಳಲ್ಲಿ ಇದಕ್ಕೆ ಉತ್ತರ ದೊರೆಯುವುದು. ಕಡಲನೀರು ಬಿಸಿಲಿಗೆ ಬತ್ತುವಾಗ ಸುಣ್ಣದ ಅಂಶವೂ ಜಿಪ್ಸಮ್ಮೂ ಮೊದಲು ತಳಕ್ಕಿಳಿಯುವುವು. ಅನಂತರ ಅಡಿಗೆಯುಪ್ಪು ಹರಳುಗಟ್ಟುವುದು. ಮೆಗ್ನೀಸಿಯಂ ಲವಣಗಳು ಬಹುಮಟ್ಟಿಗೆ ಉಳಿದ ಕಹಿನೀರಿನಲ್ಲಿಯೇ ನಿಲ್ಲುವುವು. ಹೀಗೆ ಬೇರೆಯಾದ ಉಪ್ಪನ್ನು ಮತ್ತೆ ಕರಗಿಸಿದ ಮಾತ್ರಕ್ಕೆ ಅದು ಕಡಲನೀರಾಗದು. ೧೮೫೩ರಲ್ಲಿ ಲಂಡನ್ನಿನ ಮೃಗಶಾಲೆಯಲ್ಲಿ ಮೊದಲ ಸಾರ್ವಜನಿಕ ಮತ್ಸ್ಯಾಲಯವು ತೆರೆಯಿತು. ಅದಕ್ಕಾಗಿ ದುಡಿದ ಫಿಲಿಪ್ ಹೆನ್ರಿ ಗಾಸ್ ಎಂಬ ನಿಸರ್ಗವಿಜ್ಞಾನಿಯು ಇದನ್ನರಿತು, ಅಡಿಗೆಯುಪ್ಪಿನೊಡನೆ ಮೆಗ್ನೀಸಿಯಂ ಮತ್ತು ಪೊಟ್ಯಾಸಿಯಂ ಲವಣಗಳನ್ನು ಬೆರೆಸಿ ಕೃತಕ ಕಡಲನೀರನ್ನು ಸಿದ್ಧಪಡಿಸಿದನು. ಇಂದು ಇಂತಹ ಮಿಶ್ರಣಗಳು ಮೀನುಸಾಕಣೆಯ ಅಂಗಡಿಗಳಲ್ಲಿ ದೊರೆಯುವುವು. ಇದೊಂದರಲ್ಲಿ ಮಾತ್ರ ನಾವು ಜಿಪುಣತನ ಮಾಡಲಾಗದು.

ಉಳಿದುದರಲ್ಲಿ ಉಳಿತಾಯಕ್ಕೆ ಅವಕಾಶವಿದೆ. ೬೦ ಸೆಂಟಿಮೀಟರ್ ಉದ್ದ, ೪೦ ಅಗಲ, ೪೦ ಎತ್ತರದ ಗಾಜಿನ ತೊಟ್ಟಿಯಲ್ಲಿ ಮರಳನ್ನೂ ಮೇಲಿನ ತೆರವನ್ನೂ ಕಳೆದರೆ ಸುಮಾರು ೮೦ ಲೀಟರ್ ನೀರು ಹಿಡಿಯುವುದು. ಅದಕ್ಕೆ ಬೇಕಾದ ಲವಣ ೨.೮ ಕಿಲೋಗ್ರಾಂ. ತೊಟ್ಟಿ ತುಂಬಿದಾಗ ನೂರು ಕಿಲೋಗ್ರಾಂ ಮೀರಬಹುದಾದುದರಿಂದ ಮೇಜು ಗಟ್ಟಿಯಾಗಿರಬೇಕು. ಕೊಳವೆಬಾವಿಯ ಗಡಸುನೀರಿಗಿಂತ, ಹಲವು ಊರುಗಳಲ್ಲಿರುವ ಶುದ್ಧ ಕುಡಿಯುವ ನೀರಿನ ಘಟಕದ ನೀರು ಲೇಸು. ಲವಣವನ್ನು ಹಿಂದಿನ ದಿನವೇ ಪ್ಲಾಸ್ಟಿಕ್ ಬಕೆಟ್ಟಿನಲ್ಲಿ ಕರಗಿಸಬೇಕು. ತಾಮ್ರದ ಹಂಡೆಯಲ್ಲಿ ಕೂಡದು, ತಾಮ್ರವು ಕಡಲಜೀವಿಗಳಿಗೆ ವಿಷ. ತಳಕ್ಕೆ ಕೋಳಿಮೇವಿಗೆ ಬೆರೆಸುವ ಚಿಪ್ಪಿನ ನುಚ್ಚನ್ನು ಚೆನ್ನಾಗಿ ತೊಳೆದು ಹರಡಬಹುದು. ಗಾಳಿ ಊದುವ ಪುಟ್ಟ ಪಂಪು, ಚಳಿಗಾಲದ ರಾತ್ರಿಗಳಿಗೆ ಒಂದು ಹೀಟರ್, ಉಷ್ಣಮಾಪಕ, ಹೈಡ್ರಾಮೀಟರ್ ಇವು ಅಗತ್ಯ. ಹಾಲಿನ ಸಂಘದಲ್ಲಿ ಕಾಣುವ ಲ್ಯಾಕ್ಟೋಮೀಟರಿನ ತತ್ತ್ವವೇ ಹೈಡ್ರಾಮೀಟರಿನದೂ, ಅದು ೧.೦೨೫ರ ಸುಮಾರಿಗೆ ನಿಂತರೆ ನೀರು ಹದವಾಗಿದೆಯೆಂದು ತಿಳಿಯಬೇಕು. ವಿದ್ಯುತ್ತು ಕೈಕೊಡುವ ಊರುಗಳಲ್ಲಿ ಬ್ಯಾಟರಿಯಿಂದ ನಡೆಯುವ ಪಂಪೊಂದು ಜೊತೆಗಿರಲಿ.

ಇನ್ನು ಮೀನು ಸಾಯುವ ರಹಸ್ಯ. ಮೀನು ತನ್ನ ಕಿವಿರುಗಳ ಮೂಲಕ ಅಮೋನಿಯವನ್ನು ಹೊರಹಾಕುವುದು. ಕೊಳೆಯುವ ಆಹಾರದಿಂದಲೂ ಅದು ಹುಟ್ಟುವುದು. ಅಪಾರವಾದ ಕಡಲಿನಲ್ಲಿ ಇದರಿಂದ ಬಾಧೆಯಿಲ್ಲ. ಗಾಜಿನ ತೊಟ್ಟಿಯಲ್ಲಿ ಅದೇ ಕಣ್ಣಿಗೆ ಕಾಣದ ವಿಷವಾಗುವುದು. ಒಂದು ಬಗೆಯ ಬ್ಯಾಕ್ಟೀರಿಯಗಳು ಅಮೋನಿಯವನ್ನು ನೈಟ್ರೈಟಾಗಿಯೂ, ಇನ್ನೊಂದು ಬಗೆಯವು ನೈಟ್ರೈಟನ್ನು ಅಷ್ಟಾಗಿ ಅಪಾಯವಿಲ್ಲದ ನೈಟ್ರೇಟಾಗಿಯೂ ಮಾರ್ಪಡಿಸುವುವು. ೧೮೯೦ರ ಸುಮಾರಿಗೆ ರಷ್ಯದ ವಿಜ್ಞಾನಿ ವಿನೊಗ್ರಾಡ್‌ಸ್ಕಿಯವರು ಈ ಕ್ರಿಯೆಯನ್ನು ವಿಶದಪಡಿಸಿದರು. ನಮ್ಮ ಹೊಲಗದ್ದೆಗಳಿಗೆ ಹಾಕಿದ ಯೂರಿಯದಿಂದ ಹುಟ್ಟುವ ಅಮೋನಿಯವನ್ನು ನೈಟ್ರೇಟಾಗಿಸುವುದೂ ಇಂತಹ ಜೀವಿಗಳೇ. ಹೊಸ ತೊಟ್ಟಿಯಲ್ಲಿ ಇವುಗಳ ಸಂಖ್ಯೆ ಅತ್ಯಲ್ಪ. ಅವು ಬೆಳೆಯಲು ನಾಲ್ಕರಿಂದ ಆರು ವಾರಗಳು ಹಿಡಿಯಬಹುದು. ಅದಕ್ಕೆ ಮೊದಲೇ ಬಿಟ್ಟ ಮೀನು ತನ್ನ ವಿಸರ್ಜನೆಯಲ್ಲಿ ತಾನೇ ಸಾಯುವುದು.

ಆದುದರಿಂದ ಮೀನಿಲ್ಲದ ತೊಟ್ಟಿಗೆ ದಿನವೂ ಒಂದು ಚಿಟಿಕೆ ಮೀನಿನ ಆಹಾರವನ್ನು ಹಾಕುತ್ತ, ಪರೀಕ್ಷಾದ್ರಾವಣಗಳಿಂದ ನೀರನ್ನು ಪರೀಕ್ಷಿಸುತ್ತಿರಬೇಕು. ಮೊದಲು ಅಮೋನಿಯವು ಏರಿ ಇಳಿಯುವುದು. ಅದರ ಹಿಂದೆಯೇ ನೈಟ್ರೈಟು ಏರಿ ಇಳಿಯುವುದು. ಆಹಾರ ಹಾಕುತ್ತಿದ್ದರೂ ಎರಡೂ ಶೂನ್ಯದಲ್ಲಿಯೇ ನಿಂತರೆ ತೊಟ್ಟಿ ಸಿದ್ಧವಾಯಿತೆಂದು ಅರ್ಥ. ನೈಟ್ರೇಟು ಹೆಚ್ಚದಂತೆ ಮುಂದೆ ವಾರಕ್ಕೊಮ್ಮೆ ೮ ಲೀಟರ್ ನೀರನ್ನು ತೆಗೆದು, ೨೮೦ ಗ್ರಾಂ ಲವಣ ಕರಗಿಸಿದ ಅಷ್ಟೇ ಹೊಸ ನೀರನ್ನು ತುಂಬಬೇಕು.

ಬೇಸಗೆಯಲ್ಲಿ ಇನ್ನೊಂದು ಎಚ್ಚರಿಕೆ ಬೇಕು. ಆವಿಯಾಗುವುದು ನೀರು ಮಾತ್ರ. ಲವಣವು ತೊಟ್ಟಿಯಲ್ಲಿಯೇ ಉಳಿಯುವುದು. ೮೦ ಲೀಟರಿನಲ್ಲಿ ೮ ಲೀಟರ್ ಆರಿದರೆ ಲೀಟರಿಗೆ ೩೫ ಗ್ರಾಂ ಇದ್ದ ಲವಣ ಸುಮಾರು ೩೯ ಗ್ರಾಮಿಗೆ ಏರುವುದು. ಗಾಜಿನ ಮೇಲೆ ಗೆರೆಯೊಂದನ್ನೆಳೆದು, ನೀರು ಅದಕ್ಕಿಂತ ಇಳಿದಾಗಲೆಲ್ಲ ಲವಣವಿಲ್ಲದ ಸಿಹಿನೀರನ್ನೇ ತುಂಬಬೇಕು.

ಎಂತಹ ಮೀನನ್ನು ತರಬೇಕು? ಇಷ್ಟು ನೀರಿಗೆ ಸಣ್ಣ ಜಾತಿಯ ಒಂದು ಜೊತೆ ಕ್ಲೌನ್‌ಮೀನು ಸಾಕು. ೧೯೪೭ರಲ್ಲಿ ಸ್ಥಾಪಿತವಾದ ಕೇಂದ್ರೀಯ ಸಮುದ್ರ ಮೀನುಗಾರಿಕೆ ಸಂಶೋಧನಾ ಸಂಸ್ಥೆಯು ಇವನ್ನು ತೊಟ್ಟಿಯಲ್ಲಿಯೇ ಮರಿಮಾಡಿಸುವ ವಿಧಾನವನ್ನು ರೂಪಿಸಿದೆ. ಅಂತಹ ಸಾಕಿದ ಮರಿಗಳನ್ನೇ ಕೇಳಿ ಕೊಳ್ಳುವುದು ಲೇಸು. ಕಡಲಿನಿಂದ ಹಿಡಿದು ತಂದವಕ್ಕಿಂತ ಅವು ತೊಟ್ಟಿಯ ಬಾಳಿಗೆ ಬೇಗ ಹೊಂದಿಕೊಳ್ಳುವುವು. ಜೀವಂತ ಹವಳಕ್ಕೂ ಕಡಲಕುದುರೆಗೂ ಆಸೆಪಡಬಾರದು. ಅವು ೧೯೭೨ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ರಕ್ಷಣೆಗೆ ಒಳಪಟ್ಟಿವೆ.

ವಿದ್ಯಾರ್ಥಿಗಳು ದಿನದಿನದ ಅಮೋನಿಯ, ನೈಟ್ರೈಟುಗಳ ಅಳತೆಯನ್ನು ನಕ್ಷೆಯ ಕಾಗದದ ಮೇಲೆ ಗುರುತಿಸಿಕೊಳ್ಳಲಿ. ಏರಿಳಿಯುವ ಆ ಎರಡು ರೇಖೆಗಳಲ್ಲಿ, ಸೂಕ್ಷ್ಮದರ್ಶಕವಿಲ್ಲದೆಯೇ ಅಗೋಚರ ಜೀವಿಗಳ ದುಡಿಮೆಯನ್ನು ನಾವು ಕಾಣಬಹುದು. ಮೀನನ್ನು ತರುವ ದಿನ ಯಾವುದೆಂಬುದನ್ನೂ ಆ ರೇಖೆಗಳೇ ತಿಳಿಸುವುವು.