ಬೀದಿಯ ಬಂಧುವಿನ ಬಳಿಗೆ ವಿದ್ಯಾರ್ಥಿಗಳು

ಸವದತ್ತಿಯ ಯಲ್ಲಮ್ಮನ ಗುಡ್ಡಕ್ಕೆ ಬನದ ಹುಣ್ಣಿಮೆ, ಭಾರತ ಹುಣ್ಣಿಮೆಗಳಂದು ಅಪಾರ ಜನಸ್ತೋಮ ಬಂದು ಹೋಗುತ್ತದೆ. ಕಿತ್ತೂರಿನ ಬಳಿಯ ಪುಣೆ-ಬೆಂಗಳೂರು ಹೆದ್ದಾರಿಗೆ ಹಗಲಿರುಳೆಂಬ ಭೇದವಿಲ್ಲ. ಬೈಲಹೊಂಗಲ, ರಾಮದುರ್ಗಗಳ ಬಸ್ ನಿಲ್ದಾಣಗಳೂ ಸದಾ ಗಿಜಿಗುಡುತ್ತವೆ. ಇಂತಹ ಜನಸಂದಣಿಯ ಅಂಚಿನಲ್ಲಿ ಕೆದರಿದ ಕೂದಲು, ಹರಿದ ಬಟ್ಟೆಯಲ್ಲಿ ತನ್ನಷ್ಟಕ್ಕೆ ತಾನೇ ಮಾತನಾಡಿಕೊಳ್ಳುವ ವ್ಯಕ್ತಿಯನ್ನು ಕಾಣದವರು ನಮ್ಮಲ್ಲಿ ವಿರಳ. ‘ಹುಚ್ಚ’ ಎಂದು ಹೇಳಿ ನಾವು ಮುಂದೆ ಸಾಗುತ್ತೇವೆ. ಆತನಿಗೂ ಒಂದು ಹೆಸರು, ಒಂದು ಊರು, ಬಹುಶಃ ದಾರಿ ಕಾಯುವ ತಾಯಿಯೊಬ್ಬಳು ಇರುವುದನ್ನು ಮರೆಯುತ್ತೇವೆ.

ಆ ಹೆಸರನ್ನು ಮರಳಿ ಪಡೆಯಲು ನೆರವಾಗುವ ವಿದ್ಯೆಯೊಂದುಂಟು. ಸಮಾಜಕಾರ್ಯ ಹಾಗೂ ಮನಶ್ಶಾಸ್ತ್ರದ ವಿದ್ಯಾರ್ಥಿಗಳು ಕ್ಷೇತ್ರಕಾರ್ಯದಲ್ಲಿ ಕಲಿಯುವುದು ಇದನ್ನೇ. ಮಂಗಳೂರಿನ ರೋಶನಿ ನಿಲಯವನ್ನು ಧರ್ಮಭಗಿನಿಯರು 1960ರಲ್ಲಿ ಆರಂಭಿಸಿ ಈ ಶಿಕ್ಷಣಕ್ಕೆ ನಾಡಿನಲ್ಲಿ ಬುನಾದಿ ಹಾಕಿದರು. ನಮ್ಮ ನಾಲ್ಕೂ ತಾಲೂಕುಗಳಿಗೆ ಸಮೀಪದ ಧಾರವಾಡದಲ್ಲಿ, 1845ರಷ್ಟು ಹಿಂದೆಯೇ ಆರಂಭವಾದ ಮನೋರೋಗ ಚಿಕಿತ್ಸಾಲಯವು ಇಂದು ಡಿಮ್ಹಾನ್ಸ್ ಆಗಿ ಬೆಳೆದಿದೆ.

ರೋಗನಿರ್ಣಯ, ಔಷಧಗಳು ಮನೋವೈದ್ಯರ ಹೊಣೆ. ವಿದ್ಯಾರ್ಥಿಯು ಅನುಭವಿ ಮೇಲ್ವಿಚಾರಕರ ಮಾರ್ಗದರ್ಶನದಲ್ಲಿ ಮಾತಿನ ಆರೈಕೆ ನೀಡುತ್ತಾನೆ. ಪ್ರತಿದಿನ ಅದೇ ಹೊತ್ತಿಗೆ ಬಂದು ಕುಳಿತುಕೊಳ್ಳುವುದು, ಮೊದಲು ತನ್ನ ಹೆಸರು ಹೇಳುವುದು, ಬಲವಂತವಿಲ್ಲದೆ ಆಲಿಸುವುದು ಇದರ ಮೊದಲ ಪಾಠ. ಆಡುನುಡಿಯ ಒಂದು ಪದ, ಊರದೇವರ ಹೆಸರು, ಕೆರೆಯ ನೆನಪು ಇವುಗಳೇ ಮುಂದೆ ಮನೆಯ ದಾರಿ ತೋರುವ ಸುಳಿವುಗಳಾಗುತ್ತವೆ. ಡಾ. ಭರತ್ ವಟ್ವಾನಿ ದಂಪತಿಗಳು 1988ರಲ್ಲಿ ಮುಂಬಯಿಯಲ್ಲಿ ಸ್ಥಾಪಿಸಿದ ಶ್ರದ್ಧಾ ಸಂಸ್ಥೆಯು, ಬೀದಿಯಲ್ಲಿದ್ದ ಸಾವಿರಾರು ಮನೋರೋಗಿಗಳಿಗೆ ಚಿಕಿತ್ಸೆ ನೀಡಿ ಮನೆ ಸೇರಿಸಿದೆ. ಈ ಸೇವೆಗಾಗಿ ವೈದ್ಯರಿಗೆ 2018ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಸಂದಿತು.

ಆದರೆ ಒಂದು ಎಚ್ಚರಿಕೆ ಅಗತ್ಯ. ತರಬೇತಿಯ ಅವಧಿ ಮುಗಿಯುತ್ತದೆ, ವಿದ್ಯಾರ್ಥಿ ಹೊರಟುಹೋಗುತ್ತಾನೆ. ಎಲ್ಲರಿಂದ ಪರಿತ್ಯಕ್ತನಾದವನಿಗೆ ಇದು ಮತ್ತೊಂದು ಪರಿತ್ಯಾಗವಾಗಬಾರದು. ಸಂತ ಲೂಕರ ಶುಭಸಂದೇಶದ ಸದಯ ಸಮಾರಿಯದವನು ಗಾಯ ಕಟ್ಟಿದ್ದಷ್ಟಕ್ಕೇ ನಿಲ್ಲಲಿಲ್ಲ. ಗಾಯಾಳುವನ್ನು ಛತ್ರದವನ ಕೈಗೆ ಒಪ್ಪಿಸಿ, ಹಣ ಕೊಟ್ಟು, ಮರಳಿ ಬರುವುದಾಗಿ ಮಾತು ಕೊಟ್ಟನು. ವಿದ್ಯಾರ್ಥಿ ಆರಂಭಿಸಿದ್ದನ್ನು ಮುಂದುವರಿಸುವ ಆ ಛತ್ರ ನಮ್ಮ ಧರ್ಮಕೇಂದ್ರಗಳೇ ಆಗಬೇಕಲ್ಲವೇ? ಔಷಧ ತಪ್ಪದಂತೆ ನೋಡಿಕೊಳ್ಳುವುದು, ಆಸ್ಪತ್ರೆಗೆ ಜೊತೆಗೆ ಹೋಗುವುದು, ಮನೆಗೆ ಮರಳಿದವರ ಯೋಗಕ್ಷೇಮ ವಿಚಾರಿಸುವುದು ಯಾವ ಕುಟುಂಬಕ್ಕೂ ಅಸಾಧ್ಯವಲ್ಲ.

ಕಾನೂನೂ ನಮ್ಮ ನೆರವಿಗಿದೆ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 100ನೆಯ ಕಲಮಿನಂತೆ, ಮನೋರೋಗದಿಂದ ತನ್ನನ್ನು ತಾನು ನೋಡಿಕೊಳ್ಳಲಾಗದೆ ಅಲೆಯುವವರನ್ನು ರಕ್ಷಣೆಗೆ ಪಡೆದ ಪೊಲೀಸರು 24 ಗಂಟೆಗಳೊಳಗೆ ಸರ್ಕಾರಿ ಆರೋಗ್ಯ ಸಂಸ್ಥೆಗೆ ಒಯ್ಯಬೇಕು. ಲಾಕಪ್ಪಿನಲ್ಲಿ ಇಡುವಂತಿಲ್ಲ. ಮನೆಯವರನ್ನು ಹುಡುಕುವ ಹೊಣೆಯೂ ಠಾಣೆಯದೇ. ಸಲಹೆಗಾಗಿ 14416 ಸಂಖ್ಯೆಯ ಟೆಲಿ-ಮಾನಸ್ ಉಚಿತ ದೂರವಾಣಿ ಸೇವೆ 2022ರಿಂದ ಲಭ್ಯವಿದೆ.

ಅಂದಿನ ಜಗದ್ಗುರು ಪೋಪ್ ಫ್ರಾನ್ಸಿಸರ ಕರೆಯಂತೆ 2017ರಿಂದ ಧರ್ಮಸಭೆಯು ವರ್ಷಕ್ಕೊಂದು ಭಾನುವಾರವನ್ನು ಬಡವರ ದಿನವಾಗಿ ಆಚರಿಸುತ್ತಿದೆ. ಅಂದು ಒಂದು ಹೊತ್ತಿನ ಊಟ ಬಡಿಸಿದ ಮೇಲೆ, ಉಂಡವರ ಹೆಸರನ್ನೂ ಕೇಳೋಣ. ಸಮಾಜಕಾರ್ಯ ಓದಲು ಬಯಸುವ ಮಕ್ಕಳಿಗೆ, ಅದರಿಂದ ಏನು ಸಂಪಾದನೆ ಎಂದು ಅಡ್ಡಿ ಮಾಡದೆ, ಮನಸಾರೆ ಹರಸಿ ಕಳುಹಿಸೋಣ.