ಮನೆ ಕಾಯುವ ನಾಯಿಯನ್ನು ಕಾಯುವವರು ಯಾರು?



ಕೈಲಾಂಚದ ಸುತ್ತಮುತ್ತಲ ಹಳ್ಳಿಗಳಿಗೆ ಸಂಘದ ಸಭೆಗೆಂದು ನಾವು ಬಂದಾಗ ಮೊದಲು ಎದುರಾಗುವುದು ಮನೆ ನಾಯಿ. ರೇಷ್ಮೆ ಹುಳು ಮನೆ, ದನದ ಕೊಟ್ಟಿಗೆ, ಕೋಳಿಗೂಡು ಎಲ್ಲಕ್ಕೂ ರಾತ್ರಿ ಅದೇ ಕಾವಲು. ಸಾಲ ತೆಗೆದು ತಂದ ಹಸು ಮೇವು ಬಿಟ್ಟರೆ ಅದೇ ದಿನ ಡಾಕ್ಟರನ್ನು ಕರೆಸುತ್ತೇವೆ. ನಾಯಿ ಸತ್ತರೆ ಮಾತ್ರ "ಏನೋ ತಿಂದಿತ್ತು, ಸತ್ತೋಯ್ತು" ಅಂದು ಸುಮ್ಮನಾಗುತ್ತೇವೆ. ಆ "ಏನೋ" ಅನ್ನೋದು ಯಾವುದು? ಎಷ್ಟೋ ಸಲ ಅದು ನಮ್ಮ ಮನೆಯಲ್ಲೇ, ನಾವೇ ಇಟ್ಟ ವಸ್ತು. ನಾಯಿಯ ಬಾಯಿಗೆ ಎಟುಕುವುದು ಅಂಬೆಗಾಲಿಡುವ ಮಗುವಿನ ಕೈಗೂ ಎಟುಕುತ್ತದೆ. ಆದ್ದರಿಂದ ಇದು ಬರೀ ನಾಯಿಯ ವಿಷಯ ಅಲ್ಲ.

1. ಔಷಧಿ ಅಲ್ಲ, ವಿಷ

ಮಾವಿಗೆ, ತರಕಾರಿಗೆ ಹೊಡೆಯುವುದನ್ನು ನಾವೆಲ್ಲ "ಔಷಧಿ" ಅನ್ನುತ್ತೇವೆ. ಹೆಸರು ಔಷಧಿ, ಗುಣ ವಿಷ. ಅದನ್ನು ಕಲಸಿದ ಬಕೆಟ್ಟು, ಖಾಲಿ ಡಬ್ಬ ನಾಯಿಯ ನೀರಿಗೆ ಬೇಡ. ಉಣ್ಣೆ ಆಗಿದೆ ಅಂತ ಇದೇ ಔಷಧಿಯನ್ನು ನೀರಿಗೆ ಹಾಕಿ ನಾಯಿಗೆ ಸ್ನಾನ ಮಾಡಿಸುವವರಿದ್ದಾರೆ. ವಿಷ ಚರ್ಮದಿಂದಲೂ ಒಳಗಿಳಿಯುತ್ತದೆ, ಮೈ ನೆಕ್ಕಿದಾಗ ಹೊಟ್ಟೆಗೂ ಹೋಗುತ್ತದೆ. ಜೊಲ್ಲು ಸುರಿಯುವುದು, ಮೈ ನಡುಗುವುದು, ತೂರಾಡುವುದು ಇದರ ಗುರುತು. ಉಣ್ಣೆಗೆ ಬೇರೆ ಔಷಧವಿದೆ. ನಾಯಿಯ ತೂಕ ನೋಡಿ ಪಶು ವೈದ್ಯರು ಕೊಡುತ್ತಾರೆ. ಹುಳು ಮನೆಗೆ ಬ್ಲೀಚಿಂಗ್ ಪುಡಿ, ಸುಣ್ಣ ಹಾಕಿದ ದಿನ ನೆಲ ಒಣಗುವ ತನಕ ನಾಯಿಯನ್ನು ಒಳಗೆ ಬಿಡಬೇಡಿ.

2. ಇಲಿ ಪಾಷಾಣ

ಕಪ್ಪು ಪುಡಿಯ ಪಾಷಾಣ, ಅಂದರೆ ಜಿಂಕ್ ಫಾಸ್ಫೈಡ್, ಹೊಟ್ಟೆಗೆ ಹೋದ ಮೇಲೆ ಅಲ್ಲಿನ ಆಮ್ಲದ ಜೊತೆ ಸೇರಿ ವಿಷದ ಗಾಳಿಯಾಗುತ್ತದೆ. ಕೆಲವೇ ಗಂಟೆಗಳಲ್ಲಿ ಪ್ರಾಣ ಹೋಗಬಹುದು. ಬಿಲ್ಲೆಯ ರೂಪದಲ್ಲಿ ಬರುವ ಬ್ರೋಮಾಡಿಯೋಲೋನ್ ಹಾಗಲ್ಲ. ಎರಡು ಮೂರು ದಿನ ನಾಯಿ ಚೆನ್ನಾಗೇ ಇರುತ್ತದೆ. ಆಮೇಲೆ ಒಸಡಲ್ಲಿ, ಮಲದಲ್ಲಿ ರಕ್ತ. ಬೇಗ ಹೋದರೆ ವಿಟಮಿನ್ ಕೆ ಕೊಟ್ಟು ಉಳಿಸಬಹುದು. "ಆರಾಮಾಗಿದೆಯಲ್ಲ" ಅಂತ ಕಾಯಬೇಡಿ. ಪಾಷಾಣ ತಿಂದು ಸತ್ತ ಇಲಿಯನ್ನು ಬಯಲಿಗೆ ಎಸೆಯದೆ ಆಳವಾಗಿ ಹೂಳಿ. ಆದಷ್ಟು ಇಲಿ ಬೋನನ್ನೇ ಬಳಸಿ.

3. ಉಳಿದ ಊಟ, ಉಳಿದ ಮಾತ್ರೆ

ಮುದ್ದೆ, ಅನ್ನ, ಮಜ್ಜಿಗೆ ಸಾಮಾನ್ಯವಾಗಿ ತೊಂದರೆ ಇಲ್ಲ. ಈರುಳ್ಳಿ, ಬೆಳ್ಳುಳ್ಳಿ ಹೆಚ್ಚಾದರೆ ನಾಯಿಯ ರಕ್ತಕಣಗಳು ಒಡೆಯುತ್ತವೆ. ದ್ರಾಕ್ಷಿ, ಒಣದ್ರಾಕ್ಷಿ ಮೂತ್ರಪಿಂಡಕ್ಕೆ ಕೇಡು. ಚಾಕಲೇಟು ಹೃದಯಕ್ಕೆ ಕೇಡು. ಬೆಂದ ಕೋಳಿ ಮೂಳೆ ಚೂರಾಗಿ ಕರುಳಿಗೆ ಚುಚ್ಚುತ್ತದೆ. ಮಾವಿನ ಕಾಲದಲ್ಲಿ ವಾಟೆ ನುಂಗಿದರೆ ಕರುಳಲ್ಲಿ ಸಿಕ್ಕಿಕೊಳ್ಳುತ್ತದೆ. ನಮ್ಮ ಜ್ವರದ, ಮೈಕೈ ನೋವಿನ ಮಾತ್ರೆಯನ್ನು ನಾಯಿಗೆ ಕೊಡಲೇಬಾರದು.

4. ಕಟ್ಟಿಹಾಕುವ ಜಾಗ

ನಾಯಿಗೆ ನಮ್ಮ ಹಾಗೆ ಮೈಯೆಲ್ಲಾ ಬೆವರುವುದಿಲ್ಲ, ತೇಕಿಯೇ ಮೈ ತಣಿಸಿಕೊಳ್ಳಬೇಕು. ಬೇಸಿಗೆಯಲ್ಲಿ ತಗಡಿನ ಶೀಟಿನ ಕೆಳಗೆ ಕಟ್ಟಬೇಡಿ. ನೆರಳು ತಿರುಗಿದರೂ ನೆರಳು ಸಿಗುವಷ್ಟು ಉದ್ದದ ಸರಪಳಿ, ಎಟುಕುವ ಕಡೆ ನೀರು ಇರಲಿ. ಸೌದೆ ರಾಶಿ, ಕಲ್ಲಿನ ರಾಶಿಯ ಪಕ್ಕ ಕಟ್ಟಿದರೆ ಹಾವಿನ ಭಯ.

ನಮ್ಮ ಬೆಟ್ಟ-ಬಂಡೆಗಳಲ್ಲಿ ಚಿರತೆ ಇವೆ, ನಿಮಗೇ ಗೊತ್ತು. ಹೊರಗೆ ಕಟ್ಟಿದ ನಾಯಿ ಓಡಲಾರದು, ಅದು ಚಿರತೆಗೆ ತಟ್ಟೆಯಲ್ಲಿಟ್ಟ ಊಟ. ಕತ್ತಲಾಗುತ್ತಲೇ ಬಾಗಿಲಿರುವ ಕಡೆ ಒಳಗೆ ಹಾಕಿ. ಅದು ಒಳಗಿನಿಂದಲೂ ಬೊಗಳಿ ನಮ್ಮನ್ನು ಎಬ್ಬಿಸುತ್ತದೆ. ಚಿರತೆ ಮೇಲಿನ ಸಿಟ್ಟಿಗೆ ಅದು ಕೊಂದ ದನಕ್ಕೆ ವಿಷ ಸವರುವುದು ಅಪರಾಧ. ಅದನ್ನು ತಿಂದು ನಮ್ಮ ನಾಯಿಗಳೂ ಸಾಯುತ್ತವೆ. 2012ರಲ್ಲಿ ರಾಮದೇವರ ಬೆಟ್ಟದಲ್ಲಿ ಯಾವ ರಣಹದ್ದುಗಳಿಗಾಗಿ ಧಾಮ ಮಾಡಿದರೋ ಅವೂ ಸಾಯುತ್ತವೆ. ಅರಣ್ಯ ಇಲಾಖೆಗೆ ತಿಳಿಸಿ.

5. ಹುಚ್ಚುನಾಯಿ ರೋಗದ ಲಸಿಕೆ

ಮರಿಗೆ ಮೂರು ತಿಂಗಳಾದಾಗ ಮೊದಲ ಲಸಿಕೆ, ಡಾಕ್ಟರು ಹೇಳಿದ ದಿನ ಇನ್ನೊಂದು, ಆಮೇಲೆ ವರ್ಷಕ್ಕೊಂದು. ರೇಬಿಸ್ ಲಕ್ಷಣ ಕಾಣಿಸಿಕೊಂಡ ಮೇಲೆ ನಾಯಿಯೂ ಉಳಿಯುವುದಿಲ್ಲ, ಮನುಷ್ಯರೂ ಉಳಿಯುವುದು ಇಲ್ಲವೆನ್ನುವಷ್ಟು ಅಪರೂಪ. 2022ರಲ್ಲಿ ಕರ್ನಾಟಕ ಸರ್ಕಾರ ಮನುಷ್ಯರಿಗೆ ಬರುವ ರೇಬಿಸನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ರೋಗವೆಂದು ಸಾರಿತು. ಯಾವ ನಾಯಿ ಕಚ್ಚಿದರೂ, ಪರಚಿದರೂ ಗಾಯವನ್ನು ಸೋಪು ಹಚ್ಚಿ ಹರಿಯುವ ನೀರಲ್ಲಿ 15 ನಿಮಿಷ ತೊಳೆದು ಅದೇ ದಿನ ಆಸ್ಪತ್ರೆಗೆ ಹೋಗಿ. ಅರಿಶಿನ, ಸುಣ್ಣ, ಕಾರದಪುಡಿ ಹಚ್ಚಬೇಡಿ.

ವಿಷ ತಿಂದರೆ ತಕ್ಷಣ ಏನು ಮಾಡಬೇಕು?

ಉಪ್ಪುನೀರು, ಹುಣಸೆ ನೀರು, ಎಣ್ಣೆ ಬಾಯಿಗೆ ಸುರಿಯಬೇಡಿ. ತೂರಾಡುವ ನಾಯಿಗೆ ಅದು ಶ್ವಾಸಕೋಶಕ್ಕೆ ಇಳಿದು ಇನ್ನೂ ಅಪಾಯ. ಏನು ತಿಂದಿತು, ಎಷ್ಟು ಹೊತ್ತಿಗೆ ತಿಂದಿತು ನೋಡಿಕೊಂಡು, ಪ್ಯಾಕೆಟ್ಟು ಅಥವಾ ಡಬ್ಬವನ್ನು ಜೊತೆಗೇ ತೆಗೆದುಕೊಂಡು ಪಶು ಆಸ್ಪತ್ರೆಗೆ ಹೋಗಿ. ಪಶುಪಾಲನಾ ಇಲಾಖೆಯ ಸಹಾಯವಾಣಿ 1962.

ಸಂಘದಲ್ಲಿ ಏನು ಮಾಡಬಹುದು?

ಮುಂದಿನ ಸಭೆಯಲ್ಲಿ ಉಳಿತಾಯದ ಲೆಕ್ಕ ಬರೆದ ಮೇಲೆ ಹತ್ತು ನಿಮಿಷ ಇದಕ್ಕೆ ಕೊಡಿ. ಯಾರ ಮನೆ ನಾಯಿಗೆ ಲಸಿಕೆ ಆಗಿಲ್ಲ, ಎಣಿಸಿ. ಒಬ್ಬೊಬ್ಬರೇ ಓಡಾಡುವ ಬದಲು ಒಂದು ದಿನ ಗೊತ್ತುಮಾಡಿ, ಊರಿಗೇ ಬಂದು ಲಸಿಕೆ ಹಾಕುವಂತೆ ಸಂಘದ ಹೆಸರಲ್ಲಿ ಪಶು ವೈದ್ಯರಿಗೆ ಅರ್ಜಿ ಕೊಡಿ. ವಿಷದ ಡಬ್ಬಗಳನ್ನು ಬೀಗವಿರುವ ಪೆಟ್ಟಿಗೆಯಲ್ಲಿ ಇಡುವುದಾಗಿ ಎಲ್ಲರೂ ಒಪ್ಪಿ ನಡಾವಳಿ ಪುಸ್ತಕದಲ್ಲಿ ಬರೆಯಿರಿ. ಪೆಟ್ಟಿಗೆಗೆ, ಬೀಗಕ್ಕೆ ದೊಡ್ಡ ಖರ್ಚೇನಿಲ್ಲ. ಅದು ಉಳಿಸುವುದು ನಾಯಿಯನ್ನೋ ಮಗುವನ್ನೋ, ಮೊದಲೇ ಹೇಳೋಕಾಗಲ್ಲ.